ತೀರದ ದಳವಾಯಿ

ಕಳೆದ ತಿಂಗಳು ಕೃಷ್ಣರಾಜಪೇಟೆಯ ಶಾಲೆಯೊಂದರ ಸಮಾರಂಭಕ್ಕೆ ಹೋಗಿದ್ದೆ. ವೇದಿಕೆ ಸಿದ್ಧವಾಗುವ ತನಕ ಕೂತಿರಿ ಎಂದು ಒಂದು ಕೋಣೆ ತೋರಿಸಿದರು. ಪಕ್ಕದ ವರಾಂಡದಲ್ಲಿ ಬ್ಯಾಂಡಿನ ಹುಡುಗಿಯರು ತುತ್ತೂರಿಗಳನ್ನು ಉಜ್ಜುತ್ತಿದ್ದರು. ಹಿತ್ತಾಳೆಗೆ ಹಚ್ಚುವ ಪಾಲೀಷಿನ ಘಾಟು ಬಾಗಿಲಿನಿಂದ ಒಳಕ್ಕೆ ಬಂತು. ಎದ್ದು ಹೋಗಿ ಅಂಗಳದಲ್ಲಿ ಬಿಸಿಲಿಗೆ ನಿಂತೆ. ಕರೆದುಕೊಂಡು ಹೋಗಲು ಬಂದ ಹೆಡ್ಮಾಸ್ತರರು ಬಿ.ಪಿ. ಇದೆಯಾ ಸಾರ್ ಎಂದು ಕೇಳಿದರು. ಇದೆ ಎಂದೆ.

ಆ ವಾಸನೆಯ ಮನೆಯಲ್ಲಿ ನಾನು ಇದ್ದದ್ದು ಎಂಟು ತಿಂಗಳು ಮಾತ್ರ. ತೊಂಬತ್ತಮೂರನೆಯ ಇಸವಿ. ಅದೇ ಕೃಷ್ಣರಾಜಪೇಟೆಯ ಕಾಲೇಜಿಗೆ ಇತಿಹಾಸದ ಅಧ್ಯಾಪಕನಾಗಿ ಬಂದಿದ್ದೆ, ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಪಿಎಚ್.ಡಿ. ಮುಗಿಸಿದರೆ ಆಗಬಹುದು ಎಂಬ ಆಸೆ ಇತ್ತು. ಪೇಟೆಯಾಚೆ ಹೊಸ ಬಡಾವಣೆಯಲ್ಲಿ ಸುಬೇದಾರ್ ಮರೀಗೌಡರು ತಮ್ಮ ಮನೆಯ ಮುಂದಿನ ಕೋಣೆಯನ್ನು ಬಾಡಿಗೆಗೆ ಕೊಟ್ಟರು. ಸೈನ್ಯದಲ್ಲಿ ಸಂದೇಶ ಕಳಿಸುವ ವಿಭಾಗದಲ್ಲಿ ಇಪ್ಪತ್ತೆಂಟು ವರ್ಷ ಇದ್ದು ನಿವೃತ್ತರಾದವರು. ಎತ್ತರದ ಆಳು, ಕತ್ತು ಸ್ವಲ್ಪ ಎಡಕ್ಕೆ ವಾಲಿತ್ತು. ಮಕ್ಕಳಿರಲಿಲ್ಲ. ಹೆಂಡತಿ ತಾಯಮ್ಮನವರು ನಾಗಮಂಗಲದ ಕಡೆಯವರು. ಪ್ರತಿ ಭಾನುವಾರ ಬೆಳಿಗ್ಗೆ ಸುಬೇದಾರರು ಜಗಲಿಯಲ್ಲಿ ಕೂತು ಬೆಲ್ಟಿನ ಬಿಲ್ಲೆ, ಕೋಟಿನ ಗುಂಡಿಗಳನ್ನು ಆ ಪಾಲೀಷು ಹಚ್ಚಿ ಬಟ್ಟೆಯಿಂದ ತಿಕ್ಕುತ್ತಿದ್ದರು. ಆ ಕೋಟನ್ನು ಅವರು ತೊಟ್ಟದ್ದನ್ನು ನಾನು ಒಂದೇ ಒಂದು ಸಲ ನೋಡಿದೆ. ಅದನ್ನು ಮುಂದೆ ಹೇಳುತ್ತೇನೆ.

ಮೊದಲ ದಿನದಿಂದಲೇ ನಮಗೆ ಆಗಿಬರಲಿಲ್ಲ. ಚಪ್ಪಲಿ ಎಲ್ಲಿ ಬಿಡಬೇಕು, ನೀರು ಎಷ್ಟು ಬಿಂದಿಗೆ ಹಿಡಿಯಬೇಕು, ಗೇಟಿನ ಚಿಲಕವನ್ನು ಯಾವ ಕಡೆಯಿಂದ ಹಾಕಬೇಕು, ಎಲ್ಲದಕ್ಕೂ ಒಂದು ಕಾನೂನು. ಒಗೆದ ಪಂಚೆಯನ್ನು ಸೊಟ್ಟಗೆ ಹರವಿದ್ದೇನೆ ಎಂದು ನನ್ನನ್ನು ಕಾಲೇಜಿನ ದಾರಿಯಿಂದ ವಾಪಸ್ಸು ಕರೆಸಿದ್ದರು. ನಾನು ಸಹೋದ್ಯೋಗಿಗಳ ಮುಂದೆ ಅವರ ನಡಿಗೆಯನ್ನು ಅಣಕಿಸಿ ನಗಿಸುತ್ತಿದ್ದೆ. ಅದು ಅವರ ಕಿವಿಗೂ ಬಿದ್ದಿತ್ತು. ಬೇರೆ ಕೋಣೆ ನೋಡಿಕೊಳ್ಳಬಹುದಿತ್ತು. ಆದರೆ ಅಲ್ಲಿ ಓದಲು ಬೇಕಾದ ಮೌನ ಇತ್ತು, ತಾಯಮ್ಮನವರು ಕೊಡುವ ಉಪ್ಸಾರು ಇತ್ತು. ಹಾಗಾಗಿ ಹಲ್ಲು ಕಚ್ಚಿಕೊಂಡು ಇದ್ದೆ.

ನನ್ನ ಸಂಶೋಧನೆಯ ವಿಷಯ ಕೇಳಿದವರೆಲ್ಲ ನಗುತ್ತಿದ್ದರು. ಶ್ರೀರಂಗಪಟ್ಟಣದಲ್ಲಿ ಹುಟ್ಟಿ ಬೆಳೆದವನು ನಾನು, ಅಲ್ಲಿನ ಕೋಟೆಯ ಮೇಲೆ ಬರೆಯಬೇಕೆಂದು ಹೋದೆ. ಮೈಸೂರಿನ ನನ್ನ ಮಾರ್ಗದರ್ಶಕರು ಆ ಕೋಟೆಯನ್ನು ಈಗಾಗಲೇ ಹತ್ತು ಜನ ಅಗೆದಿದ್ದಾರೆ ಎಂದು ಹೇಳಿ, ವಿದೇಶದಿಂದ ತಂದಿದ್ದ ಜೆರಾಕ್ಸು ಕಂತೆಯೊಂದನ್ನು ನನ್ನ ಕಡೆ ದೂಡಿದರು. ರೋಮನ್ ಸಾಮ್ರಾಜ್ಯದ ಕೊನೆಗಾಲದ ಸೈನ್ಯ, ಅದರಲ್ಲೂ ಬ್ರಿಟನ್ನಿನ ಕರಾವಳಿಯ ರಕ್ಷಣೆ. ತೊಂಬತ್ತು ಮೈಲಿ ಸುತ್ತಮುತ್ತ ಸಮುದ್ರ ಕಾಣದ ಊರಿನಲ್ಲಿ ಕೂತು ನಾನು ಸಮುದ್ರದ ಕೋಟೆಗಳ ಬಗ್ಗೆ ಬರೆಯತೊಡಗಿದೆ. ಅದೂ ಕನ್ನಡದಲ್ಲೇ ಬರೆಯುತ್ತೇನೆಂಬ ಹಟ ನನ್ನದು.

ವಿಷಯ ಇಷ್ಟೆ. ಸ್ಯಾಕ್ಸನ್ನರು ಎಂಬ ಜನ ದೋಣಿಗಳಲ್ಲಿ ಸಮುದ್ರ ದಾಟಿ ಬಂದು ಬ್ರಿಟನ್ನಿನ ಆಗ್ನೇಯ ತೀರವನ್ನು ಲೂಟಿ ಮಾಡುತ್ತಿದ್ದರು. ಆ ತೀರದುದ್ದಕ್ಕೂ ರೋಮನ್ನರ ಒಂಬತ್ತು ಕೋಟೆಗಳಿದ್ದವು. ಸಾಮ್ರಾಜ್ಯದ ಅಧಿಕಾರಿಗಳ ಹಳೆಯ ಪಟ್ಟಿಯೊಂದು ಉಳಿದುಬಂದಿದೆ. ಅದರಲ್ಲಿ ಈ ಒಂಬತ್ತು ಕೋಟೆಗಳ ಹೆಸರು, ಪ್ರತಿಯೊಂದರಲ್ಲಿ ಇದ್ದ ತುಕಡಿಯ ಹೆಸರು, ಎಲ್ಲಕ್ಕೂ ಮೇಲಿನ ಒಬ್ಬ ಅಧಿಕಾರಿಯ ಪದವಿ ಇದೆ. ‘ಸ್ಯಾಕ್ಸನ್ ತೀರದ ಕೌಂಟ್’. ನಾನು ಅವನನ್ನು ‘ತೀರದ ದಳವಾಯಿ’ ಎಂದು ಕರೆದೆ, ನಮ್ಮ ಮೈಸೂರಿನ ಹಳೆಯ ಪದವಿಯ ನೆನಪಿನಲ್ಲಿ. ಒಂಬತ್ತೂ ಕೋಟೆಗಳು ಒಂದು ಸರಪಳಿಯಂತೆ ಇದ್ದವು, ಒಂದರಲ್ಲಿ ಬೆಂಕಿ ಹೊತ್ತಿಸಿದರೆ ಇನ್ನೊಂದಕ್ಕೆ ಕಾಣುತ್ತಿತ್ತು, ಸಮುದ್ರದ ಎರಡು ದಡವೂ ಒಬ್ಬನೇ ದಳವಾಯಿಯ ಕೈಯಲ್ಲಿತ್ತು ಎಂಬುದು ನನ್ನ ವಾದ. ಓದಲು ಸೊಗಸಾಗಿತ್ತು. ನನಗೇ ಅದರ ಮೇಲೆ ಪ್ರೀತಿ ಬಂದಿತ್ತು.

ಆಷಾಢದ ಗಾಳಿ ಶುರುವಾಯಿತು. ಒಂದು ದಿನ ಕಿಟಕಿ ತೆರೆದಿಟ್ಟು ಕಾಲೇಜಿಗೆ ಹೋಗಿದ್ದೆ. ಸಂಜೆ ಬಂದಾಗ ಮೇಜಿನ ಮೇಲೆ ಹಾಳೆಗಳಿರಲಿಲ್ಲ. ಹಿತ್ತಲಿನವರೆಗೂ ಹಾರಿದ್ದವಂತೆ. ಸುಬೇದಾರರು ಒಂದೊಂದನ್ನೂ ಆರಿಸಿ, ಅಂಕಿ ನೋಡಿ ಜೋಡಿಸಿ, ಜಗಲಿಯಲ್ಲಿ ಕೂತು ಪೂರ್ತಿ ಓದಿದ್ದರು. ಕೆಲವು ಸಾಲುಗಳ ಪಕ್ಕ ಪೆನ್ಸಿಲಿನ ಗೀಟು ಎಳೆದಿದ್ದರು. ಹಾಳೆಗಳನ್ನು ನನ್ನ ಕೈಗೆ ಕೊಡುತ್ತಾ, ಇದನ್ನು ಬರೆದವನಿಗೆ ಕಾವಲು ಅಂದರೆ ಏನೆಂದು ಗೊತ್ತಿಲ್ಲ ಎಂದರು.

ನನಗೆ ರಕ್ತ ಕುದಿಯಿತು. ಇನ್ನೊಬ್ಬರ ಬರಹವನ್ನು ಕೇಳದೆ ಓದುವುದು ಯಾವ ಪಟಾಲಮಿನ ಶಿಸ್ತು ಎಂದು ಕೇಳಿದೆ. ಅವರು ಕೋಟೆಯಿಂದ ಕೋಟೆಗೆ ಎಷ್ಟು ದೂರ ಎಂದರು. ಕೆಲವು ಕಡೆ ಹದಿನೈದು ಮೈಲಿ, ಕೆಲವು ಕಡೆ ಅದಕ್ಕೂ ಹೆಚ್ಚು ಎಂದೆ. ಮಂಜು ಕವಿದ ದಿನ ಬೆಂಕಿ ಹೇಗೆ ಕಾಣುತ್ತದೆ ಎಂದರು. ಎರಡು ದಡಕ್ಕೂ ಒಬ್ಬನೇ ಎನ್ನುತ್ತೀರಿ, ನೀವೇ ಬರೆದಿರುವ ಪಟ್ಟಿಯಲ್ಲಿ ಆಚೆ ದಡದ ಕೋಟೆಗಳು ಬೇರೆ ಅಧಿಕಾರಿಗಳ ಕೆಳಗೆ ಇವೆಯಲ್ಲ ಎಂದರು. ಅದು ನಿಜವಾಗಿತ್ತು. ನಾನು ಅದನ್ನು ಅಡಿಟಿಪ್ಪಣಿಗೆ ತಳ್ಳಿ ಮುಚ್ಚಿಹಾಕಿದ್ದೆ.

“ಆ ಒಂದ್ ದ್ವೀಪಕ್ಕೇ ಮೂವರು ಅಂತ ಬರ್ದಿದ್ದೀರಿ ಮೇಷ್ಟ್ರೆ,” ಎಂದರು. “ತೀರಕ್ಕೊಬ್ಬ, ಬಡಗಲ ಗಡಿ ಗೋಡೆಗೊಬ್ಬ, ಓಡಾಡೋ ದಂಡಿಗೊಬ್ಬ. ಮೂವರ್ಗೂ ಒಂದೇ ದಿನ ಏಟು ಬಿದ್ರೆ, ಯಾರ್ ಮಾತ್ ಯಾರ್ ಕೇಳ್ಬೇಕು?”

ಗೊತ್ತಿಲ್ಲ ಎಂದು ಹೇಳುವ ಬದಲು ನಾನು ಬಾಗಿಲು ಹಾಕಿಕೊಂಡೆ. ಒಂದು ವಾರ ಇಬ್ಬರೂ ಮಾತಾಡಲಿಲ್ಲ. ಆದರೆ ಆ ವಾರವಿಡೀ ನಾನು ಜೆರಾಕ್ಸು ಕಂತೆಯನ್ನು ಮತ್ತೆ ಓದಿದೆ. ಅವರು ಗೀಟು ಎಳೆದ ಕಡೆಯಲ್ಲೆಲ್ಲ ನನ್ನ ವಾದ ಮಣ್ಣಿನ ಗೋಡೆಯ ಹಾಗೆ ಉದುರುತ್ತಿತ್ತು.

ಕೊನೆಗೆ ನಾನೇ ಜಗಲಿಗೆ ಹೋದೆ. ಗೆಳೆತನಕ್ಕಲ್ಲ, ಅವರಿಂದ ಇನ್ನೇನು ಕಿತ್ತುಕೊಳ್ಳಬಹುದು ಎಂದು ನೋಡಲು. ಪ್ರತಿ ಅಧ್ಯಾಯವನ್ನೂ ಅವರಿಗೆ ಓದಿ ಹೇಳತೊಡಗಿದೆ. ಅವರು ಒಂದು ಸಲವೂ ಚೆನ್ನಾಗಿದೆ ಎನ್ನಲಿಲ್ಲ. ಈ ಕೋಟೆಗಳೆಲ್ಲ ನದೀಮುಖದಲ್ಲಿ ಯಾಕಿವೆ, ಶತ್ರುವನ್ನು ತಡೆಯಬೇಕಾದರೆ ಎತ್ತರದಲ್ಲಿ ಇರಬೇಕಿತ್ತು, ಇವು ದಾಸ್ತಾನು ಮಳಿಗೆಗಳು, ಕಾಳು ತುಂಬಿ ದೋಣಿಗೆ ಹಾಕುವ ಜಾಗ, ಬೇಕಾದರೆ ಹುಡುಕಿ ನೋಡಿ ಎಂದರು. ನೂರು ವರ್ಷದ ಅಂತರದಲ್ಲಿ ಕಟ್ಟಿದ ಕೋಟೆಗಳನ್ನು ಆಮೇಲೆ ಯಾರೋ ಗುಮಾಸ್ತ ಒಂದೇ ಹಾಳೆಯಲ್ಲಿ ಬರೆದ ಮಾತ್ರಕ್ಕೆ ಅದು ವ್ಯವಸ್ಥೆ ಆಗಿಬಿಡುವುದಿಲ್ಲ ಎಂದರು. ಅವರ ಅನುಭವದಲ್ಲಿ ಪಟ್ಟಿಯಲ್ಲಿ ಇಪ್ಪತ್ತು ಜನ ಇರುವ ಠಾಣೆಯಲ್ಲಿ ಏಳು ಜನ ಇರುತ್ತಿದ್ದರು. “ಪಟ್ಟಿ ಬರ್ದೋನು ಕೋಟೆ ನೋಡಿರಾಕಿಲ್ಲ,” ಎಂದು ಅವರು ಹೇಳಿದ ಮಾತನ್ನು ನಾನು ಒಳಗೆ ಬಂದು ಗ್ರಾಂಥಿಕ ಕನ್ನಡಕ್ಕೆ ತಿರುಗಿಸಿ ಬರೆದುಕೊಂಡೆ.

ಆಗಸ್ಟಿನ ಒಂದು ಮಧ್ಯಾಹ್ನ, ನಾಲ್ಕನೆಯ ಶತಮಾನದ ದೊಡ್ಡ ದಾಳಿಯ ಭಾಗ ಓದಿದೆ. ಹಲವು ಕಡೆಯಿಂದ ಶತ್ರುಗಳು ಒಟ್ಟಿಗೇ ಬಂದರು, ಕರಾವಳಿಯನ್ನು ನೋಡಿಕೊಳ್ಳುತ್ತಿದ್ದ ದಳವಾಯಿ ಸತ್ತ, ಇನ್ನೊಬ್ಬ ದಳಪತಿ ಮುತ್ತಿಗೆಯಲ್ಲಿ ಸಿಕ್ಕಿಬಿದ್ದ. ದಾಖಲೆಯಲ್ಲಿ ಇರುವುದು ಇಷ್ಟೇ, ಒಂದೂವರೆ ಸಾಲು. ಸುಬೇದಾರರು ಹಾಳೆ ಇಸಿದುಕೊಂಡು ಆ ಸಾಲನ್ನು ತಾವೇ ಓದಿದರು.

“ಅವ್ನು ಕರ್ದಿರ್ತಾನೆ,” ಎಂದರು ಆಮೇಲೆ. “ಉತ್ತರ ಬಂದಿರಾಕಿಲ್ಲ.”

ಆಮೇಲೆ ಅವರು ಹೇಳಿದ ಸಂಗತಿಯಲ್ಲಿ ಯಾವ ಪಟಾಲಮು, ಯಾವ ಕರಾವಳಿ ಎಂಬುದನ್ನು ನಾನು ಬರೆಯುವುದಿಲ್ಲ. ಆಗ ಅವರು ಹವಾಲ್ದಾರ್. ಹೊಳೆ ಸಮುದ್ರ ಸೇರುವ ಅಳಿವೆಯ ಬಾಯಲ್ಲಿ ಒಂದು ಕಾವಲು ಠಾಣೆ. ಮಳೆಗಾಲದಲ್ಲಿ ಬಿರುಗಾಳಿ ಎದ್ದು ನೀರು ಏರತೊಡಗಿತು. ಠಾಣೆ ಖಾಲಿ ಮಾಡಲು ದೋಣಿ ಬೇಕೆಂದು ಮೇಲಿನವರಿಗೆ ಸಂದೇಶ ಕಳಿಸಿದರು. ದೋಣಿಗಳು ನಮ್ಮ ಕೈಯಲ್ಲಿಲ್ಲ, ಅವರನ್ನು ಕೇಳಿ ಎಂದು ಒಂದು ಕಡೆಯಿಂದ ಉತ್ತರ. ಆದೇಶ ನಿಮ್ಮ ಮೇಲಿನವರಿಂದ ಬಂದರೆ ಮಾತ್ರ ದೋಣಿ ಎಂದು ಇನ್ನೊಂದು ಕಡೆಯಿಂದ. ಹೀಗೇ ಒಂದೂವರೆ ದಿನ. ಹವಾಲ್ದಾರರು ಐದು ಜನರನ್ನು ಕರೆದುಕೊಂಡು ಹಿಂದಿನ ದಿಬ್ಬಕ್ಕೆ ನಡೆದರು. ಉತ್ತರ ಬರಬಹುದು, ನೀನು ವೈರ್‌ಲೆಸ್ ಯಂತ್ರದ ಹತ್ತಿರವೇ ಇರು, ನಾನು ಬಂದು ಕರೆಯುತ್ತೇನೆ ಎಂದು ಒಬ್ಬನನ್ನು ಬಿಟ್ಟರು. ಪುಟ್ಟರಾಜು. ಪಾಂಡವಪುರದವನು, ಇಪ್ಪತ್ತೆರಡು ವಯಸ್ಸು. ತಮ್ಮ ಜಿಲ್ಲೆಯವನೇ ಎಂದು ಇವರು ಕೇಳಿ ತಮ್ಮ ತಂಡಕ್ಕೆ ಹಾಕಿಸಿಕೊಂಡಿದ್ದರು. ಕರೆಯಲು ಹಿಂದಿರುಗುವಷ್ಟರಲ್ಲಿ ನಡುವೆ ನೀರು ನುಗ್ಗಿತ್ತು. ಯಂತ್ರದಲ್ಲಿ ಅವನು ಕರೆಯುತ್ತಿದ್ದುದು ದಿಬ್ಬಕ್ಕೆ ಹೊತ್ತೊಯ್ದಿದ್ದ, ದೂರಕ್ಕೆ ಎಟುಕದ ಸಣ್ಣ ಯಂತ್ರದಲ್ಲಿ ಎಲ್ಲರಿಗೂ ಕೇಳಿಸುತ್ತಿತ್ತು. ಆಮೇಲೆ ಕೇಳಿಸಲಿಲ್ಲ.

ವಿಚಾರಣೆ ಆಯಿತು. ಸಿಪಾಯಿ ಕುಡಿದಿದ್ದ, ಹೊರಡು ಎಂದರೂ ಹೊರಡಲಿಲ್ಲ, ತನ್ನ ನಿರ್ಲಕ್ಷ್ಯದಿಂದಲೇ ಸತ್ತ ಎಂದು ಮೇಲಿನವರೇ ವರದಿ ಬರೆದುಕೊಂಡು ಬಂದರು. ಮರೀಗೌಡರು ಸಹಿ ಹಾಕಿದರು. ಮುಂದೆ ಸುಬೇದಾರರೂ ಆದರು.

ಇದನ್ನು ಹೇಳಿದ್ದು ಸುಮ್ಮನೆ ಅಲ್ಲ. ಪಾಂಡವಪುರದಲ್ಲಿ ನಿವೃತ್ತ ಸೈನಿಕರೆಲ್ಲ ಸೇರಿ, ತಾಲ್ಲೂಕಿನಿಂದ ಹೋಗಿ ಸತ್ತವರ ಹೆಸರಿನ ಒಂದು ಕಲ್ಲು ನಿಲ್ಲಿಸಲು ಹೊರಟಿದ್ದರು. ಜನವರಿಯಲ್ಲಿ ಅದರ ಅನಾವರಣ. ಪುಟ್ಟರಾಜುವಿನ ಹೆಸರು ಪಟ್ಟಿಯಲ್ಲಿರಲಿಲ್ಲ. ಸುಬೇದಾರರು ಅವನ ಮನೆಗೆ ಹೋಗಿದ್ದರು. ಅವನ ಅಪ್ಪ ಸಿದ್ದಯ್ಯ ಬಾಗಿಲಿನಿಂದ ಒಳಗೆ ಬಿಟ್ಟಿರಲಿಲ್ಲ. ಬಾಯಿಮಾತು ಬೇಡ, ಅವತ್ತು ಬರೆದುಕೊಟ್ಟವನು ಇವತ್ತೂ ಬರೆದುಕೊಡಲಿ ಎಂದಿದ್ದರಂತೆ ಮುದುಕರು. ಆದರೆ ಇವರಿಗೆ ಬರೆಯಲು ಬರುತ್ತಿರಲಿಲ್ಲ. ನಾಲ್ಕನೇ ಕ್ಲಾಸಿನ ಕನ್ನಡ, ಮೇಲೆ ಇಪ್ಪತ್ತೆಂಟು ವರ್ಷದ ಪಟಾಲಮಿನ ಹಿಂದೂಸ್ತಾನಿ. ಓದುತ್ತಿದ್ದರು, ಬರೆಯಲು ಕೂತರೆ ಮೂರನೆಯ ಸಾಲಿಗೆ ಹಾಳೆ ಹರಿದು ಎಸೆಯುತ್ತಿದ್ದರು.

“ನಿಮ್ ಪುಸ್ತಕಕ್ಕೆ ನಾನ್ ಬಾಯ್ ಬುಟ್ಟಿದ್ದೀನಿ,” ಎಂದರು. “ನನ್ಗೆ ಒಂದ್ ಏಳ್ಕೆ ಬರ್ಕೊಡಿ. ನ್ಯಾಯವಾಗಿ ನಡ್ದದ್ದು ನಡ್ದಂಗೆ. ಸಹಿ ನಾನಾಕ್ತೀನಿ.”

ಬರೆದುಕೊಡುತ್ತೇನೆ ಎಂದೆ.

ಬರೆಯಲಿಲ್ಲ. ಯಾಕೆ ಎಂದು ಈಗ ಕೇಳಿಕೊಂಡರೆ ನೆಟ್ಟಗಿನ ಉತ್ತರ ಸಿಕ್ಕುವುದಿಲ್ಲ. ಅವರ ಕಥೆ ಕೇಳಿದ ಮರುದಿನವೇ ನನ್ನ ಪ್ರಬಂಧದ ಬೀಗ ತೆಗೆದುಕೊಂಡಿತು. ಕರಾವಳಿ ಸೋತದ್ದು ಸೈನಿಕರು ಕಡಿಮೆಯಾಗಿ ಅಲ್ಲ, ಒಬ್ಬನ ಅಧಿಕಾರ ಎಲ್ಲಿ ಮುಗಿದು ಇನ್ನೊಬ್ಬನದು ಎಲ್ಲಿ ಶುರುವಾಗುತ್ತದೆ ಎಂಬುದು ಯಾರಿಗೂ ಗೊತ್ತಿಲ್ಲದ್ದರಿಂದ ಎಂದು ಹೊಸದಾಗಿ ಬರೆಯತೊಡಗಿದೆ. ಕೈ ಓಡುತ್ತಿತ್ತು. ಆ ಓಟದಲ್ಲಿ ಎರಡು ಪುಟದ ಹೇಳಿಕೆ ಬರೆಯಲು ಒಂದು ಸಂಜೆ ಸಾಕಾಗಿತ್ತು. ಆ ಸಂಜೆಯನ್ನು ನಾನು ಅವರಿಗೆ ಕೊಡಲಿಲ್ಲ. ದಸರಾ ಕಳೆಯಲಿ ಎಂದೆ. ಪರೀಕ್ಷೆ ಪತ್ರಿಕೆ ಮುಗಿಯಲಿ ಎಂದೆ. ಪಂಚೆಯ ವಿಷಯಕ್ಕೆ ನನ್ನನ್ನು ದಾರಿಯಿಂದ ವಾಪಸ್ಸು ಕರೆಸಿದ ಮನುಷ್ಯ ನನ್ನ ಬಾಗಿಲ ಮುಂದೆ ಕಾಯುತ್ತಾನೆ ಎಂಬುದರಲ್ಲಿ ಒಂದು ಹಿತವೂ ಇತ್ತು, ಸುಳ್ಳು ಯಾಕೆ ಹೇಳಲಿ. ಅವರು ವಾರಕ್ಕೊಮ್ಮೆ ಕೇಳುತ್ತಿದ್ದರು. ಆಮೇಲೆ ಹದಿನೈದು ದಿನಕ್ಕೊಮ್ಮೆ. ಆಮೇಲೆ ಕೇಳುವುದನ್ನೇ ಬಿಟ್ಟು, ನಾನು ಗೇಟು ತೆಗೆದಾಗ ಕತ್ತೆತ್ತಿ ನೋಡುತ್ತಿದ್ದರು, ಅಷ್ಟೆ.

ಡಿಸೆಂಬರಿನಲ್ಲಿ ಶ್ರೀರಂಗಪಟ್ಟಣದಲ್ಲಿ ಕೋಟೆಗಳನ್ನು ಕುರಿತು ಒಂದು ವಿಚಾರ ಸಂಕಿರಣ ನಡೆಯಿತು. ನನ್ನ ಮಾರ್ಗದರ್ಶಕರು ನನ್ನದೂ ಒಂದು ಪ್ರಬಂಧ ಇರಲೆಂದು ಹಾಕಿಸಿದ್ದರು. ನನ್ನೂರು, ಬಾಲ್ಯದಲ್ಲಿ ಈಜಿದ ಹೊಳೆ ಹಿಂದುಗಡೆಯೇ ಹರಿಯುತ್ತಿತ್ತು, ಸಭೆಯಲ್ಲಿ ನನ್ನ ಹೈಸ್ಕೂಲಿನ ಮೇಷ್ಟ್ರುಗಳಿದ್ದರು. ಓದಲು ಎದ್ದು ನಿಂತಾಗ ಕೊನೆಯ ಸಾಲಿನಲ್ಲಿ ಸುಬೇದಾರರು ಕೂತಿರುವುದು ಕಂಡಿತು. ಗುಂಡಿ ಹೊಳೆಯುವ ಆ ಕೋಟು ತೊಟ್ಟಿದ್ದರು. ತಾಯಮ್ಮನವರಿಂದ ವಿಷಯ ತಿಳಿದು ಬೆಳಗಿನ ಮೊದಲ ಬಸ್ಸಿಗೇ ಹೊರಟಿದ್ದರಂತೆ.

ನಾನು ಓದಿದೆ. ನದೀಮುಖ, ದಾಸ್ತಾನು, ಮಂಜಿನಲ್ಲಿ ಕಾಣದ ಬೆಂಕಿ, ಮೂವರು ದಳಪತಿಗಳು. ‘ಪಟ್ಟಿಯನ್ನು ಬರೆದವನು ಕೋಟೆಯನ್ನು ಕಂಡಿರಲಾರ’ ಎಂಬ ವಾಕ್ಯಕ್ಕೆ ಸಭೆ ತಲೆದೂಗಿತು. ಅಧ್ಯಕ್ಷರು ಮೆಚ್ಚಿಕೊಂಡು, ಪುಸ್ತಕಗಳಲ್ಲಿ ಎಲ್ಲೂ ಕಾಣದ ಈ ಪ್ರಾಯೋಗಿಕ ದೃಷ್ಟಿ ನಿಮಗೆ ಎಲ್ಲಿಂದ ಬಂತು ಎಂದು ಕೇಳಿದರು. ಕೊನೆಯ ಸಾಲಿನಲ್ಲಿ ಸುಬೇದಾರರು ಕೂತಲ್ಲೇ ಬೆನ್ನು ನೆಟ್ಟಗೆ ಮಾಡಿಕೊಂಡರು. ಅದು ನನಗೆ ಸ್ಪಷ್ಟವಾಗಿ ಕಂಡಿತು. ಮೂಲ ಆಕರವನ್ನು ಮತ್ತೆ ಮತ್ತೆ ಓದಿದ್ದರಿಂದ ಎಂದು ಹೇಳಿ ನಾನು ಕೂತೆ.

ವಾಪಸ್ಸು ಹೋಗುವಾಗ ಅದೇ ಬಸ್ಸಿನಲ್ಲಿ ಅವರೂ ಇದ್ದರು. ಬೇರೆ ಜಾಗ ಇರಲಿಲ್ಲ, ಅವರ ಪಕ್ಕವೇ ಕೂರಬೇಕಾಯಿತು. ಕಬ್ಬಿನ ಗಾಡಿಗಳ ಹಿಂದೆ ಬಸ್ಸು ತೆವಳುತ್ತಿತ್ತು. ದರಸಗುಪ್ಪೆ ದಾಟಿತು.

“ನಾನ್ ಅದಕ್ ಬಂದಿರ್ನಿಲ್ಲ,” ಎಂದರು ಆಮೇಲೆ, ಕಿಟಕಿಯ ಕಡೆಯೇ ನೋಡುತ್ತಾ. “ನನ್ ಎಸ್ರು ಏಳು ಅಂತ ಬರ್ನಿಲ್ಲ. ನಾಕು ಜನ ದೊಡ್ಡೋರು ಸೇರೋ ಕಡೆ, ಬರ್ಕೊಂಡ್ ಬಂದಿರ್ತೀರಿ, ಕೈಗ್ ಕೊಡ್ತೀರಿ, ಅಂಗೇ ಪಾಂಡವಪುರದಲ್ಲಿ ಇಳ್ದು ಕೊಟ್ಬುಟ್ ಓಗಾನ ಅಂತ ಬಂದೆ. ಎಲ್ಲದೆ ಏಳ್ಕೆ?”

ಇನ್ನೂ ಆಗಿಲ್ಲ ಎಂದೆ.

“ನಾಕ್ ತಿಂಗ್ಳಾಯ್ತು. ಅವರೂ ಇಂಗೇ ಅಂದಿದ್ರು. ಆಗ್ನಿಲ್ಲ, ಆಯ್ತದೆ, ಅವರ್ನ ಕೇಳು, ಇವರ್ನ ಕೇಳು. ನೀನೂ ಅವರ ಪೈಕಿನೇ ಕಣಯ್ಯ.”

ಮುಂದಿನ ಸೀಟಿನವರು ತಿರುಗಿ ನೋಡಿದರು. ಅಧ್ಯಕ್ಷರ ಹೊಗಳಿಕೆ ಇನ್ನೂ ಕಿವಿಯಲ್ಲಿತ್ತು, ಆ ಮಾತು ಚಾಟಿಯಂತೆ ಬಿತ್ತು. ಆಗ ನಾನು ಆಡಿದ ಮಾತು ನನ್ನ ಬಾಯಿಂದ ಬಂದ ಮಾತುಗಳಲ್ಲೆಲ್ಲ ಕೆಟ್ಟದ್ದು.

“ಸುಳ್ಳು ವರದಿಗೆ ಸಹಿ ಹಾಕಿದ್ದು ನಾನಲ್ಲ, ಸುಬೇದಾರ್ರೆ,” ಎಂದೆ.

ಅವರು ಪಾಂಡವಪುರದ ಬಸ್‌ಸ್ಟ್ಯಾಂಡಿನಲ್ಲಿ ಇಳಿದುಹೋದರು. ಎಲ್ಲಿಗೆ ಹೋದರೋ ನನಗೆ ಗೊತ್ತಿಲ್ಲ. ಮರುದಿನ ಬೆಳಿಗ್ಗೆ ನನ್ನ ಬಾಗಿಲ ಮುಂದೆ ತಾಯಮ್ಮನವರು ಬಂದು ನಿಂತು, ಭಾನುವಾರದೊಳಗೆ ಕೋಣೆ ಬಿಡಬೇಕಂತೆ ಎಂದು ನೆಲ ನೋಡಿಕೊಂಡು ಹೇಳಿದರು. ಅವತ್ತಿನಿಂದ ಅವರ ಮನೆಯಿಂದ ನನಗೆ ಸಾರು ಬರಲಿಲ್ಲ. ಶನಿವಾರವೇ ನಾನು ಬಸ್‌ಸ್ಟ್ಯಾಂಡಿನ ಹಿಂದಿನ ಒಂದು ಕೋಣೆಗೆ ಹೋದೆ. ಸಾಮಾನು ಸಾಗಿಸುವಾಗ ಸುಬೇದಾರರು ಜಗಲಿಯಲ್ಲೇ ಕೂತಿದ್ದರು. ನಾನು ಅವರ ಮುಂದೆಯೇ ನಾಲ್ಕು ಸಲ ಓಡಾಡಿದೆ.

ಜನವರಿಯಲ್ಲಿ ಪಾಂಡವಪುರದ ಕಲ್ಲು ನಿಂತಿತು. ಹನ್ನೊಂದು ಹೆಸರುಗಳಿದ್ದವು, ಪುಟ್ಟರಾಜುವಿನದು ಇರಲಿಲ್ಲ. ನಾನು ಅದನ್ನು ನೋಡಲು ಹೋಗಲಿಲ್ಲ, ಕಾಲೇಜಿನ ಜವಾನ ಹೇಳಿದ. ನಾನು ಪ್ರಬಂಧದ ಕೊನೆಯ ಅಧ್ಯಾಯದಲ್ಲಿ ಮುಳುಗಿದ್ದೆ. ಕೃತಜ್ಞತೆಯ ಪುಟದಲ್ಲಿ ಮರೀಗೌಡರ ಹೆಸರು ಬರೆದಿದ್ದೆ, ಮನಸ್ಸು ಅಷ್ಟಾದರೂ ಚುಚ್ಚುತ್ತಿತ್ತು. ಮಾರ್ಗದರ್ಶಕರು ಅದನ್ನು ನೋಡಿ, ಮನೆಮಾಲೀಕರಿಗೆಲ್ಲ ವಂದನೆ ಹೇಳಿದರೆ ಪರೀಕ್ಷಕರು ನಗುತ್ತಾರೆ ಎಂದು ಕೆಂಪು ಶಾಯಿಯಲ್ಲಿ ಹೊಡೆದುಹಾಕಿದರು. ನಾನು ಆ ಪುಟವನ್ನು ಹಾಗೆಯೇ ಟೈಪಿಗೆ ಕೊಟ್ಟೆ. ಹೊಡೆದುಹಾಕಿದ್ದೇ ಒಳ್ಳೆಯದಾಯಿತು ಎಂದೂ ಒಳಗೊಳಗೆ ಅನಿಸಿತು.

ಯುಗಾದಿಯ ಹಿಂದಿನ ವಾರ ತಾಯಮ್ಮನವರು ಕಾಲೇಜಿಗೇ ಬಂದರು. ಸಿಬ್ಬಂದಿ ಕೋಣೆಯ ಹೊರಗೆ ಬಿಸಿಲಲ್ಲಿ ನಿಂತಿದ್ದರು, ಒಳಗೆ ಬನ್ನಿ ಎಂದರೂ ಬರಲಿಲ್ಲ. ಕೈಯಲ್ಲಿ ನಾನು ಕೋಣೆಯಲ್ಲೇ ಬಿಟ್ಟುಬಂದಿದ್ದ ಹಳೆಯ ಹಾಳೆಗಳ ಕಟ್ಟು ಇತ್ತು, ಗಾಳಿಗೆ ಹಾರಿದ್ದವು, ಪೆನ್ಸಿಲ್ ಗೀಟಿನವು. ಮನೆ ಬಾಡಿಗೆಗೆ ಕೊಟ್ಟು ನಾವಿಬ್ಬರೂ ನಾಗಮಂಗಲದ ಆಚೆ ನನ್ನ ತವರಿಗೆ ಹೋಗುತ್ತಿದ್ದೇವೆ, ಇದು ಅಟ್ಟದ ಮೇಲಿತ್ತು ಎಂದರು. ಸುಬೇದಾರರು ಹೇಗಿದ್ದಾರೆ ಎಂದು ಕೇಳಿದೆ.

“ಬೈಯೋದ್ನೂ ಬುಟ್ಬುಟ್ಟವ್ರೆ,” ಎಂದರು. “ನೀವ್ ಓದ್ದೋರು. ನಾನೇನ್ ಏಳ್ಲಿ,” ಎಂದು ಸೆರಗು ತಲೆಗೆ ಎಳೆದುಕೊಂಡು ಹೊರಟರು.

ಅವತ್ತು ಕಾಲೇಜು ಮುಗಿಯುವ ಮೊದಲೇ ನಾನು ಹೇಳಿಕೆ ಬರೆದೆ. ಗ್ರಂಥಾಲಯದ ಮೂಲೆಯ ಮೇಜಿನಲ್ಲಿ, ಒಂದೇ ಸಲಕ್ಕೆ ಕೂತು, ಎರಡು ಪುಟ. ಒಂದು ಗಂಟೆಯೂ ಹಿಡಿಯಲಿಲ್ಲ.

ಯುಗಾದಿ ಕಳೆದ ಮೇಲೆ ಅದನ್ನು ತೆಗೆದುಕೊಂಡು ನಾಗಮಂಗಲದ ಬಸ್ಸು ಹತ್ತಿದೆ. ಅಲ್ಲಿಂದ ಬೆಳ್ಳೂರಿನ ಕಡೆಗೆ ಇನ್ನೊಂದು ಬಸ್ಸು, ಆಮೇಲೆ ನಡಿಗೆ. ಆ ಸೀಮೆಯ ಬೇಸಿಗೆಯ ನೆಲ ಹೆಂಚಿನ ಹಾಗೆ ಕಾದಿತ್ತು. ತೆಂಗಿನ ಗರಿಗಳೂ ಅಲ್ಲಾಡುತ್ತಿರಲಿಲ್ಲ. ಸುಬೇದಾರರು ಚಪ್ಪರದ ಕೆಳಗೆ ಮಂಚದ ಮೇಲಿದ್ದರು, ಬಹಳ ಇಳಿದುಹೋಗಿದ್ದರು. ನಾನು ಹಾಳೆಗಳನ್ನು ಮುಂದೆ ಹಿಡಿದೆ.

ಅವರು ಕನ್ನಡಕ ಹಾಕಿಕೊಂಡು ಬೆರಳಿಟ್ಟು ಒಂದೊಂದೇ ಪದ ಓದಿದರು. ಎರಡನೆಯ ಪುಟದ ಕೊನೆಗೆ ಬಂದಾಗ ತಾಯಮ್ಮನವರನ್ನು ಕರೆದು ಪೆನ್ಸಿಲು ಕೇಳಿದರು. ‘ಮೇಲಧಿಕಾರಿಗಳ ಆದೇಶದ ಮೇರೆಗೆ ನಾನು ಆ ವರದಿಗೆ ಸಹಿ ಮಾಡಿದೆ’ ಎಂದು ನಾನು ಬರೆದಿದ್ದೆ. ‘ಮೇಲಧಿಕಾರಿಗಳ ಆದೇಶದ ಮೇರೆಗೆ’ ಎಂಬುದನ್ನು ಅವರು ಹೊಡೆದುಹಾಕಿದರು. ಆಮೇಲೆ ಪೆನ್ನು ಇಸಿದುಕೊಂಡು ಕೆಳಗೆ ಸಹಿ ಮಾಡಿದರು. ನಂಬರು, ದರ್ಜೆ, ಹೆಸರು.

“ಕಲ್ಲು ನಿಂತೋಯ್ತು,” ಎಂದರು. “ಅದ್ ಬುಡು. ಅವರಪ್ಪನ್ ಕೈಗೆ ಕೊಡು. ನಾನ್ ಓದ್ರೆ ಬಾಗ್ಲಾಕ್ಕೊತಾರೆ.”

ತಪ್ಪಾಯಿತು ಎಂದು ಹೇಳಲು ಬಾಯಿ ತೆರೆದೆ. ಅವರು ಕೈಯೆತ್ತಿ ತಡೆದರು.

“ನಿಂಗೂ ನಂಗೂ ಇಷ್ಟೇಯ. ಇನ್ ಬರ್ಬ್ಯಾಡ.”

ನಾನು ಮತ್ತೆ ಹೋಗಲಿಲ್ಲ. ಎರಡು ವರ್ಷದ ಮೇಲೆ ಅವರು ತೀರಿಕೊಂಡದ್ದು ತಿಳಿದಾಗ ನನ್ನ ಕೆಲಸ ಕಾಯಂ ಆಗಿತ್ತು, ಪ್ರಬಂಧವೂ ಅಚ್ಚಾಗಿತ್ತು. ಆಗಲೂ ಹೋಗಲಿಲ್ಲ.

ಆದರೆ ಹೇಳಿಕೆಯನ್ನು ಅವರು ಹೇಳಿದ ಹಾಗೆ ಮಾರನೆಯ ದಿನವೇ ಪಾಂಡವಪುರಕ್ಕೆ ತೆಗೆದುಕೊಂಡು ಹೋದೆ. ನಾಲೆಯ ಪಕ್ಕದ ಬೀದಿಯಲ್ಲಿ ಹೆಂಚಿನ ಮನೆ. ಬಾಗಿಲು ತೆಗೆದವರು ಪುಟ್ಟರಾಜುವಿನ ಅಕ್ಕ ಜಯಮ್ಮ. ಐವತ್ತರ ಹತ್ತಿರದ ಹೆಂಗಸು, ಪ್ರೈಮರಿ ಶಾಲೆಯ ಟೀಚರು. ಮದುವೆ ಆಗಿರಲಿಲ್ಲ. ಮರೀಗೌಡರ ಹೆಸರು ಹೇಳಿದ ತಕ್ಷಣ ಅವರ ಮುಖ ಬಿಗಿಯಿತು. ಬಾಗಿಲು ಹಾಕುವ ಮೊದಲೇ ನಾನು, ಅವರು ಬರೆದುಕೊಟ್ಟಿದ್ದಾರೆ, ಸಿದ್ದಯ್ಯನವರಿಗೆ ಕೊಡಬೇಕು ಎಂದೆ.

ಜಯಮ್ಮ ಅಲ್ಲೇ ನಿಂತು ನನ್ನನ್ನು ನೋಡಿದರು. ಅಪ್ಪ ಶಿವರಾತ್ರಿ ಕಳೆದ ಮರುವಾರ ತೀರಿಹೋದರು ಎಂದರು.

ಕೂರಿ ಎಂದು ಅವರು ಹೇಳಲಿಲ್ಲ, ನಾನೇ ಹೊಸಿಲ ಪಕ್ಕದ ಕಟ್ಟೆಯ ಮೇಲೆ ಕೂತೆ. ಹೇಳಿಕೆಯನ್ನು ಚಾಚಿದೆ. ಅವರು ಮುಟ್ಟಲಿಲ್ಲ. ಓದಿ, ಕೇಳುತ್ತೇನೆ ಎಂದರು.

ಓದಿದೆ. ಬಿರುಗಾಳಿ, ಏರಿದ ನೀರು, ಬಾರದ ದೋಣಿ. ಪುಟ್ಟರಾಜು ಕುಡಿದಿರಲಿಲ್ಲ, ಅವನು ಎಂದೂ ಕುಡಿದವನಲ್ಲ. ಯಂತ್ರದ ಹತ್ತಿರವೇ ಇರು ಎಂದು ನಾನು ಹೇಳಿದೆ, ಅದಕ್ಕಾಗಿ ಇದ್ದ. ಕೊನೆಯವರೆಗೂ ಠಾಣೆಯ ಹೆಸರು ಹೇಳಿ ಕರೆಯುತ್ತಲೇ ಇದ್ದ, ನಾವು ಆರೂ ಜನ ಕೇಳಿಸಿಕೊಂಡೆವು. ವರದಿ ಸುಳ್ಳು. ನಾನು ಆ ವರದಿಗೆ ಸಹಿ ಮಾಡಿದೆ.

ಜಯಮ್ಮ ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತಿದ್ದರು. ಅಳಲಿಲ್ಲ.

“ನಮ್ಮಪ್ಪ ಇಪ್ಪತ್ತೆರಡು ವರ್ಸ ಅವನ್ ಫೋಟೋಗೆ ಊವ ಆಕ್ನಿಲ್ಲ,” ಎಂದರು. “ಕುಡ್ದು ಸತ್ತೋನ್ಗೆ ಯಾತಕ್ಕೆ ಅಂತ. ನಾನ್ ಆಕಕ್ಕೋದ್ರೂ ಬುಡ್ತಿರ್ನಿಲ್ಲ.” ಆಮೇಲೆ ನನ್ನ ಕೈಯಲ್ಲಿದ್ದ ಹಾಳೆಯ ಕಡೆ ನೋಡಿದರು. “ಇದು ಆ ಸುಬೇದಾರನ್ ಮಾತ್ನಂಗಿಲ್ಲ. ಯಾರ್ ಬರ್ದಿದ್ದು?”

ನಾನು ಎಂದೆ.

“ಯಾವಾಗ ಏಳಿದ್ರು ಅವ್ರು, ಬರಿ ಅಂತ?”

ಸುಳ್ಳು ಹೇಳಬಹುದಿತ್ತು. ಆ ಮನೆಯ ಮುಂದೆ ಆಗಲಿಲ್ಲ. ಆಗಸ್ಟಿನಲ್ಲಿ ಎಂದೆ.

ಅವರು ಲೆಕ್ಕ ಹಾಕಿದರು. ಆಗಸ್ಟಿನಿಂದ ಶಿವರಾತ್ರಿಯವರೆಗೆ. ತುಟಿಯಲ್ಲೇ ತಿಂಗಳುಗಳನ್ನು ಎಣಿಸಿದ್ದು ನನಗೆ ಕಂಡಿತು. ನಾಲೆಯಲ್ಲಿ ಯಾರೋ ಬಟ್ಟೆ ಒಗೆಯುವ ಸದ್ದು ಒಂದೇ ಸಮನೆ ಬರುತ್ತಿತ್ತು. ಬೈಯಲಿ, ಬಾಗಿಲು ಹಾಕಿಕೊಳ್ಳಲಿ ಎಂದು ನಾನು ಕಾದೆ.

“ಇನ್ನೊಂದ್ ಸತಿ ಓದಿ,” ಎಂದರು. “ನಿಧಾನಕ್ ಓದಿ. ಆಮೇಲೆ ಎದ್ ಓಗಿ.”

ಮೊದಲಿನಿಂದ ಓದಿದೆ.